ಸೀಸನ್‌ನಲ್ಲಿ ಒಳ್ಳೆದಿರ್ತಾನೆ

ನಮ್ಮ ಕಡಲ ಬದಿಯ ಜನರಿಗೆ ಕಾಯಿಲೆ ಬೀಳುವುದಕ್ಕೂ ಒಂದು ಕಾಲ ಉಂಟು. ನಗಬೇಡಿ, ಸತ್ಯ ಹೇಳುತ್ತಿದ್ದೇನೆ. ಹಲ್ಲು ಕೀಳಿಸುವುದು, ಕಣ್ಣಿನ ಪೊರೆ ತೆಗೆಸುವುದು, ಹರ್ನಿಯಾ ಆಪರೇಷನ್, ಮೊಣಗಂಟಿನ ಎಕ್ಸ್‌ರೇ, ಎಲ್ಲ ಜೂನ್ ಜುಲೈಯಲ್ಲಿ. ಆಗ ಮೀನುಗಾರಿಕೆಗೆ ನಿಷೇಧ. ಬೋಟುಗಳು ಬಂದರಿನ ದಕ್ಕೆಯಲ್ಲಿ ಒಂದಕ್ಕೊಂದು ಹಗ್ಗ ಬಿಗಿದುಕೊಂಡು ಮಳೆಯಲ್ಲಿ ನೆನೆಯುತ್ತಿರುತ್ತವೆ, ಗಂಡಸರು ಮನೆಯಲ್ಲಿ ಕಾಲು ಚಾಚಿಕೊಂಡಿರುತ್ತಾರೆ. ಉಳಿದ ತಿಂಗಳುಗಳು ಮೀನಿನ ಸೀಸನ್, ಆಗ ಆಸ್ಪತ್ರೆಗೆ ಹೋಗಲು ಯಾರಿಗೆ ಪುರುಸೊತ್ತು? ಜ್ವರ ಬಂದರೂ ಒಂದು ಮಾತ್ರೆ ನುಂಗಿ ಬೋಟು ಹತ್ತುತ್ತಾರೆ.

ನನ್ನ ತಮ್ಮನನ್ನು ಮನಸ್ಸಿನ ಡಾಕ್ಟರರ ಬಳಿಗೆ ಕರೆದುಕೊಂಡು ಹೋದದ್ದೂ ಮಳೆಗಾಲದಲ್ಲೇ. ಬೇರೆ ಯಾವ ಕಾಲದಲ್ಲೂ ನಮಗೆ ಅದು ಹೊಳೆಯಲಿಲ್ಲ. ಆ ಒಂದು ಅಭ್ಯಾಸ ಅವನ ಜೀವ ತೆಗೆಯುವ ತನಕ ಬಂದಿತ್ತು, ಅವನ ಜೊತೆಗೆ ಬೋಟಿನಲ್ಲಿದ್ದವರ ಜೀವವನ್ನೂ.

ತಮ್ಮ ಟ್ರಾಲ್ ಬೋಟಿನ ತಾಂಡೇಲ. ಎಂದರೆ ಬೋಟು ನಡೆಸುವವನು, ಎಲ್ಲಿ ಬಲೆ ಬಿಡಬೇಕು, ಯಾವಾಗ ತಿರುಗಬೇಕು ಎಂದು ತೀರ್ಮಾನಿಸುವವನು. ಬೋಟು ಇನ್ನೊಬ್ಬರದು, ತಲೆ ಇವನದು. ನಮ್ಮ ಮನೆ ಬೈಕಂಪಾಡಿಯ ಪಶ್ಚಿಮಕ್ಕೆ, ಕಾರ್ಖಾನೆಗಳ ಹಿಂದೆ, ಕಡಲ ಕೊರೆತಕ್ಕೆ ಹಾಕಿದ ಕಲ್ಲಿನ ಗೋಡೆಗೆ ಹತ್ತಿರ. ಅಲ್ಲಿ ಅಮ್ಮ, ತಮ್ಮ, ಅವನ ಹೆಂಡತಿ. ನಾನು ಮದುವೆಯಾಗಿ ಸುರತ್ಕಲ್‌ನಲ್ಲಿದ್ದೇನೆ, ಬೈಕಂಪಾಡಿಯ ಒಂದು ಐಸ್ ಪ್ಲಾಂಟಿನ ಆಫೀಸಿನಲ್ಲಿ ಕೆಲಸ. ಹೀಗಾಗಿ ದಿನಕ್ಕೊಮ್ಮೆ ತಾಯಿಮನೆಗೆ ಮುಖ ತೋರಿಸದೆ ನನಗೆ ಸಮಾಧಾನವಿಲ್ಲ. ನನ್ನ ಬಾಯಿ ಜೋರು ಎಂದು ಊರಿಗೇ ಗೊತ್ತು. ನಿದ್ದೆಯೂ ಮೊದಲಿನಿಂದ ಕಡಿಮೆಯೇ. ಆಫೀಸಿನಲ್ಲಿ ನನಗೆ ಜನರೇಟರ್ ಎಂದು ಹೆಸರಿಟ್ಟಿದ್ದಾರೆ, ಕರೆಂಟು ಹೋದರೂ ಓಡುತ್ತೇನಂತೆ. ಇರಲಿ, ಕಥೆ ನನ್ನದಲ್ಲ, ತಮ್ಮನದು.

ಅಪ್ಪ ನಾನು ಸಣ್ಣವಳಿದ್ದಾಗಲೇ ಹೋದ. ಮಳೆಗಾಲದ ಕಡಲಿಗೆ ಒಬ್ಬನೇ ದೋಣಿ ಇಳಿಸಿದ, ದೋಣಿ ಮಾತ್ರ ತಣ್ಣೀರುಬಾವಿಯ ಕಡೆ ದಡಕ್ಕೆ ಬಂತು. ಊರಿನಲ್ಲಿ ಈಗಲೂ ಅಪ್ಪನ ಮಾತು ಬಂದರೆ, “ಅವನಂಥ ಧೈರ್ಯದ ಗಂಡಸು ಇನ್ನು ಹುಟ್ಟುದಿಲ್ಲ ಮಾರಾಯ” ಎನ್ನುತ್ತಾರೆ. ಆ ಮಾತು ಕೇಳುತ್ತಲೇ ನಾವಿಬ್ಬರೂ ಬೆಳೆದದ್ದು. ಅಮ್ಮ ಮಾತ್ರ ಆ ಮಾತು ಶುರುವಾದ ಕೂಡಲೇ ಎದ್ದು ಒಳಗೆ ಹೋಗುತ್ತಿದ್ದಳು. ದುಃಖ, ಪಾಪ, ಎಂದುಕೊಂಡಿದ್ದೆವು.

ತಮ್ಮ ಪ್ರತಿ ಮಳೆಗಾಲ ಸ್ವಲ್ಪ ಮಂಕಾಗುತ್ತಿದ್ದ. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯಲಿಲ್ಲ. ಬೋಟು ನಿಂತ ಮೇಲೆ ಗಂಡಸರು ಹಾಗೆಯೇ, ಸಿಡುಕುತ್ತಾರೆ, ಬಿದ್ದುಕೊಂಡಿರುತ್ತಾರೆ, ಚಾ ತಣ್ಣಗಾಯಿತು ಎಂದು ಹೆಂಡತಿಯ ಮೇಲೆ ಹಾರಾಡುತ್ತಾರೆ. ಆದರೆ ಆ ವರ್ಷ ಇವನು ಸಿಡುಕಲೂ ಇಲ್ಲ. ಗೋಡೆಗೆ ಮುಖ ಮಾಡಿ ಮಲಗಿದವನು ಏಳಲೇ ಇಲ್ಲ. ಸ್ನಾನ ಬೇಡ, ಊಟ ಬೇಡ. ಗಡ್ಡ ಬೆಳೆಯಿತು. ಒಣಮೀನಿನ ಚಟ್ನಿ ಎಂದರೆ ಪ್ರಾಣ ಬಿಡುವವನ ಎದುರಿಗೆ ತಟ್ಟೆ ಇಟ್ಟರೆ, ಅದು ಯಾರ ತಟ್ಟೆಯೋ ಎಂಬ ಹಾಗೆ ನೋಡುತ್ತಿದ್ದ. ಬಲೆ ರಿಪೇರಿಗೆ ಬನ್ನಿ ಎಂದು ಬೋಟಿನವರು ಕರೆಯಲು ಬಂದರೆ, “ನನ್ನಿಂದ ಆಗುದಿಲ್ಲ, ಬೇರೆ ತಾಂಡೇಲನನ್ನು ನೋಡಿ” ಎಂದ. ಇಡೀ ದಕ್ಕೆಯಲ್ಲಿ ಹೆಸರು ಮಾಡಿದವನ ಬಾಯಲ್ಲಿ ಆ ಮಾತು!

ಒಂದು ಸಂಜೆ ಅವನ ಹೆಂಡತಿ ನನಗೆ ಫೋನ್ ಮಾಡಿದಳು. “ಅಕ್ಕಾ, ಒಮ್ಮೆ ಬನ್ನಿ. ಇವರು ಕಲ್ಲಿನ ಗೋಡೆಯ ಮೇಲೆ ನಿಂತಿದ್ರು. ತೆರೆ ಬಂದು ಕಾಲಿಗೆ ಹೊಡೀತಿತ್ತು. ಕೈ ಹಿಡಿದು ಎಳೆದ್ರೂ ಬರ್ಲಿಲ್ಲ. ಎಂತಕ್ಕೆ ಇಲ್ಲಿ ನಿಂತದ್ದು ಅಂತ ಕೇಳಿದ್ರೆ, ಅಪ್ಪ ಎಷ್ಟು ಆರಾಮ ಇದ್ದಾರೆ ನೋಡು ಅಂತಾರೆ.”

ನಾನು ಹೋದಾಗ ಅವನು ಒದ್ದೆ ಪಂಚೆಯಲ್ಲೇ ಮಲಗಿದ್ದ. ನಾನು ಕಿರುಚಿದೆ, ಬೈದೆ, ಆಮೇಲೆ ಅತ್ತೆ. ಅವನು ಅಲುಗಲಿಲ್ಲ. ಅಮ್ಮ ಮೂಲೆಯಲ್ಲಿ ಕುಳಿತವಳು ಕೊನೆಗೆ ಎದ್ದಳು. “ಹಲ್ಲಿಗೆ ಡಾಕ್ಟ್ರುಂಟು, ಕಣ್ಣಿಗೆ ಡಾಕ್ಟ್ರುಂಟು. ಮಂಡೆಗೆ ಇಲ್ವಾ? ನಾಳೆ ಬೆಳಿಗ್ಗೆ ರಿಕ್ಷಾಕ್ಕೆ ಹೇಳು” ಎಂದಳು. ಊರು ಏನು ಹೇಳೀತು ಎಂದು ಹೆದರುವ ಹೆಂಗಸಲ್ಲ ಅವಳು. ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರಿ ನಮ್ಮಿಬ್ಬರನ್ನು ಸಾಕಿದವಳು.

ಮನೋರೋಗ ವಿಭಾಗ ಎಂದರೆ ಅಲ್ಲಿ ಬೊಬ್ಬೆ, ನಗು, ಕಿಟಕಿಗೆ ಸರಳು ಎಂದು ನಾನು ಕಲ್ಪಿಸಿಕೊಂಡಿದ್ದೆ. ಹೋಗಿ ನೋಡಿದರೆ ನಮ್ಮಂಥವರೇ. ಪರೀಕ್ಷೆಯ ಹಾಲ್‌ಗೆ ಕಾಲಿಡುವಾಗ ಎದೆ ಒಡೆದು ಸಾಯುತ್ತೇನೆಂದು ಅನಿಸುವ ಇಂಜಿನಿಯರಿಂಗ್ ಹುಡುಗಿ, ಅವಳ ಪಕ್ಕದಲ್ಲಿ ಅವಳಿಗಿಂತ ಹೆಚ್ಚು ನಡುಗುವ ತಾಯಿ. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ವಾಮಂಜೂರಿನಿಂದ ಬಸ್ಸು ಹತ್ತಿದವನು ಮತ್ತೆ ಮತ್ತೆ ಇಳಿದು ಮನೆಗೆ ಓಡುವುದರಿಂದ ಕೆಲಸ ಕಳೆದುಕೊಂಡ ಒಬ್ಬ ಗುಮಾಸ್ತ. ಯಾರೂ ಇಲ್ಲದ ಕಡೆಗೆ ತಿರುಗಿ ಮೆಲ್ಲಗೆ ಉತ್ತರ ಕೊಡುತ್ತಿದ್ದ ಒಬ್ಬ ಅಜ್ಜಿ. ಕಾಯುವ ಬೆಂಚು ಎಲ್ಲರಿಗೂ ಒಂದೇ. ಇಷ್ಟು ಬೇರೆ ಬೇರೆ ಸಂಕಟಗಳನ್ನು ಒಂದೇ ಕೋಣೆಯಲ್ಲಿ ಕುಳಿತು ಹೇಗೆ ವಿಂಗಡಿಸುತ್ತಾರೆ ಎಂದು ನನಗೆ ಆಶ್ಚರ್ಯವಾಯಿತು.

ಡಾಕ್ಟರು ನನ್ನ ವಯಸ್ಸಿನ ಹೆಂಗಸು, ನಿಧಾನದ ಮಾತು. ರಕ್ತಪರೀಕ್ಷೆಗೆ ಬರೆದರು. ಥೈರಾಯ್ಡ್ ಕಡಿಮೆಯಾದರೂ ಮನುಷ್ಯ ಹೀಗೆ ಮುದುಡುತ್ತಾನಂತೆ, ರಕ್ತ ಕಡಿಮೆಯಾದರೂ ಅಂತೆ, ಕುಡಿತ ಜಾಸ್ತಿಯಾದರೂ ಅಂತೆ. “ಇದ್ಯಾವುದೂ ಅಲ್ಲ ಅಂತ ಗೊತ್ತಾಗ್ಬೇಕು ಮೊದಲು” ಎಂದರು.

“ಹಾಗಾದ್ರೆ ಮನಸ್ಸಿನ ಕಾಯಿಲೆಗೆ ಸ್ಕ್ಯಾನಿಂಗ್ ಎಂತದೂ ಇಲ್ವಾ?” ಎಂದು ನಾನು ಕೇಳಿದೆ.

“ಇಲ್ಲ. ಅವರು ಹೇಳುದು, ನೀವು ಹೇಳುದು, ನಾನು ನೋಡುದು. ನಮ್ಮಲ್ಲಿ ಇಷ್ಟೇ” ಎಂದರು ಡಾಕ್ಟರು.

ನನಗೆ ಪಿತ್ತ ನೆತ್ತಿಗೇರಿತು. ಮೊಣಗಂಟಿಗೆ ಫೋಟೋ ತೆಗೆಯುವವರು ಮಂಡೆಗೆ ಬರೀ ಮಾತು ಕೇಳುತ್ತಾರಲ್ಲ! ಆದರೆ ಅವರು ಕೇಳಿದ ರೀತಿ ಬೇರೆಯೇ ಇತ್ತು. ನಿದ್ದೆ ಹೇಗೆ, ಬೆಳಗಿನ ಜಾವ ಎಚ್ಚರವಾಗುತ್ತದಾ, ಹಸಿವು, ಇಷ್ಟದ ವಸ್ತುವಿನಲ್ಲಿ ರುಚಿ ಉಂಟಾ, ಸಾಯಬೇಕು ಅನಿಸುತ್ತದಾ. ಆ ಕೊನೆಯದನ್ನು, ಮನೆಯಲ್ಲಿ ಉಪ್ಪುಂಟಾ ಎಂದು ಕೇಳಿದಷ್ಟು ನೇರವಾಗಿ ಕೇಳಿದರು. ತಮ್ಮ ಹೌದೆಂದು ತಲೆಯಾಡಿಸಿದ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಇನ್ನೆರಡು ಪ್ರಶ್ನೆ ಕೇಳಿದರು. ಈಗಲೂ ಆ ಎರಡು ಪ್ರಶ್ನೆಗಳು ನನ್ನ ಕಿವಿಯಲ್ಲಿವೆ.

“ಇದಕ್ಕೆ ಉಲ್ಟಾ ಯಾವತ್ತಾದ್ರೂ ಆದದ್ದುಂಟಾ? ಅತಿಯಾದ ಉತ್ಸಾಹ, ನಿದ್ದೆ ಬೇಡ, ಮಾತು ನಿಲ್ಲುದಿಲ್ಲ, ದೊಡ್ಡ ದೊಡ್ಡ ಯೋಜನೆ, ಹಾಗೆಲ್ಲ?”

ಅಮ್ಮ, ನಾನು, ಅವನ ಹೆಂಡತಿ, ಮೂವರೂ ಒಟ್ಟಿಗೆ ತಲೆಯಾಡಿಸಿದೆವು, ಇಲ್ಲ ಎಂದು. ಅಮ್ಮನಂತೂ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದಳು: “ಛೆ ಛೆ, ಹಾಗೆಂತ ಇಲ್ಲ ಡಾಕ್ಟ್ರೇ. ಸೀಸನ್‌ನಲ್ಲಿ ಭಾರೀ ಒಳ್ಳೆದಿರ್ತಾನೆ. ಅವನಷ್ಟು ಕೆಲಸ ಮಾಡುವವ ಇಡೀ ದಕ್ಕೆಯಲ್ಲಿಲ್ಲ.”

“ಕುಟುಂಬದಲ್ಲಿ ಬೇರೆ ಯಾರಿಗಾದ್ರೂ ಮನಸ್ಸಿನ ತೊಂದರೆ?”

“ಇಲ್ಲ” ಎಂದಳು ಅಮ್ಮ. ಅಷ್ಟು ಬೇಗ ಅವಳು ಬೇರೆ ಯಾವ ಪ್ರಶ್ನೆಗೂ ಉತ್ತರಿಸಿರಲಿಲ್ಲ.

ಸುಳ್ಳು ಹೇಳಲು ನಾವು ಹೋದವರಲ್ಲ. ನಮಗೆ ಕಂಡದ್ದನ್ನು ಹೇಳಿದೆವು. ರಕ್ತದ ರಿಪೋರ್ಟು ಸರಿ ಬಂತು. ಖಿನ್ನತೆ ಎಂದು ಡಾಕ್ಟರು ಹೇಳಿದರು, ಒಂದು ಮಾತ್ರೆ ಬರೆದುಕೊಟ್ಟರು. ಅದು ಕೆಲಸ ಮಾಡಲು ಕೆಲವು ವಾರ ಬೇಕು, ಒಬ್ಬನನ್ನೇ ಬಿಡಬೇಡಿ, ಮಾತ್ರೆ ಹೆಂಡತಿಯ ಕೈಯಲ್ಲಿರಲಿ ಎಂದರು. ಬಾಗಿಲ ತನಕ ಬಂದ ಮೇಲೆ ಹಿಂದಿನಿಂದ ಇನ್ನೊಂದು ಮಾತು ಸೇರಿಸಿದರು: “ತೀರಾ ಹುರುಪು ಬಂದ್ರೆ, ನಿದ್ದೆ ಕಡಿಮೆಯಾದ್ರೆ, ಕಾಯ್ಬೇಡಿ. ಅವತ್ತೇ ಕರ್ಕೊಂಡು ಬನ್ನಿ.” ಹುರುಪು ಬರಲಿ ಎಂದೇ ಹರಕೆ ಹೊತ್ತವರು ನಾವು. ಆ ಮಾತು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ.

ಜುಲೈ ಮುಗಿಯುತ್ತಾ ಬಂದಾಗ ತಮ್ಮ ಎದ್ದ. ಒಂದು ಬೆಳಿಗ್ಗೆ ಗಡ್ಡ ಬೋಳಿಸಿ, ಜಗಲಿಯಲ್ಲಿ ಕುಳಿತು, “ಅಕ್ಕ ಬಂದ್ಲಾ? ಬಾ ಬಾ, ಚಾ ಕುಡಿ” ಎಂದ. ಓ ದೇವರೇ, ನನಗಾದ ಸಂತೋಷ! ಅಮ್ಮ ಅಂದೇ ಬಂಗುಡೆ ತರಿಸಿದಳು, ಐಸಿನದಾದರೂ ಸರಿ. ಅವನು ಎರಡು ಸಲ ಬಡಿಸಿಕೊಂಡು ಉಂಡ. ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು, ಕಣ್ಣಲ್ಲಿ ನೀರು.

ಒಂದು ವಾರದಲ್ಲಿ ಅವನು ಎಲ್ಲೆಲ್ಲೂ ಇದ್ದ. ಸುರಿವ ಮಳೆಯಲ್ಲಿ ಬೋಟಿನ ಕ್ಯಾಬಿನ್ನಿಗೆ ಪೈಂಟ್ ಹೊಡೆದ. ಮಳೆಗೆ ಅದು ಹರಿದುಹೋಯಿತು. ನಕ್ಕು ಮತ್ತೆ ಹೊಡೆದ. ಬೆಳಕು ಹರಿಯುವ ಮೊದಲೇ ಕಲಾಸಿಗಳಿಗೆ, ಎಂದರೆ ಬೋಟಿನ ಕೆಲಸದವರಿಗೆ, ಫೋನ್ ಮಾಡಿ ಎಬ್ಬಿಸುತ್ತಿದ್ದ. ಈ ಸಲ ಯಾರೂ ಹೋಗದ ಆಳಕ್ಕೆ ಹೋಗುವುದು, ಹವಾಮಾನದವರು ಹೇಳುವುದೆಲ್ಲ ಬೊಗಳೆ, ಕಡಲು ತನ್ನ ಹತ್ತಿರ ಮಾತಾಡುತ್ತದೆ, ದಡದಲ್ಲಿ ನಿಂತರೇ ಬಂಗುಡೆ ಎಲ್ಲಿದೆ ಎಂದು ಕಾಣುತ್ತದೆ. ಒಂದು ಮಾತು ಮುಗಿಯುವ ಮೊದಲು ಇನ್ನೊಂದು. ಕೇಳಿದವರೆಲ್ಲ ನಗುತ್ತಿದ್ದರು. “ತಾಂಡೇಲ ಪುನಃ ಸಮ ಆದ ಮಾರಾಯ” ಎನ್ನುತ್ತಿದ್ದರು.

ನಾನೂ ನಗುತ್ತಿದ್ದೆ, ಅವನ ಕೈ ನೋಡುವ ತನಕ. ಬಲೆ ಹೊಲಿಯುತ್ತಾ ಕುಳಿತಿದ್ದ. ನೈಲಾನ್ ದಾರ ಎಳೆದೆಳೆದು ಬೆರಳುಗಳ ಸಂದಿ ಎಲ್ಲ ಸೀಳಿಹೋಗಿತ್ತು, ಬಲೆಯ ಕಣ್ಣುಗಳಲ್ಲಿ ರಕ್ತ ಮೆತ್ತಿಕೊಂಡಿತ್ತು. “ಏ, ಕೈ ನೋಡೋ!” ಎಂದೆ. ಅವನು ಕೈ ಎತ್ತಿ ನೋಡಿ, “ಹೌದಲ್ಲಾ” ಎಂದು ನಕ್ಕು ಮತ್ತೆ ದಾರ ಎಳೆದ. ನೋವು ಅವನನ್ನು ಮುಟ್ಟುತ್ತಲೇ ಇರಲಿಲ್ಲ. ಕಣ್ಣು ನೋಡಿದೆ. ರೆಪ್ಪೆ ಬಡಿಯುತ್ತಿರಲಿಲ್ಲ.

“ನಿದ್ದೆ ಮಾಡ್ತಾನಾ?” ಎಂದು ಅವನ ಹೆಂಡತಿಯನ್ನು ಕೇಳಿದೆ.

“ಎಲ್ಲಿ ಅಕ್ಕಾ? ನಾನು ಏಳುವಾಗ ಎದ್ದಿರ್ತಾರೆ, ಮಲಗುವಾಗಲೂ ಎದ್ದಿರ್ತಾರೆ. ಸೀಸನ್ ಹತ್ರ ಬಂತಲ್ಲ, ಯಾವಾಗ್ಲೂ ಹಾಗೆಯೇ” ಎಂದಳು.

ಆಗ ಬಾಗಿಲಲ್ಲಿ ಡಾಕ್ಟರು ಹೇಳಿದ ಮಾತು ಎಲ್ಲಿಂದಲೋ ಎದ್ದು ಬಂತು. ಅಮ್ಮನಿಗೆ ಹೇಳಿದೆ, ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದು. ಅಮ್ಮ ನನ್ನ ಮೇಲೆ ಹರಿಹಾಯ್ದಳು.

“ಅಳುವಾಗ ಕರ್ಕೊಂಡು ಹೋದದ್ದು ಸರಿ. ನಗುವವನನ್ನು ಯಾರಾದ್ರೂ ಆಸ್ಪತ್ರೆಗೆ ಕರ್ಕೊಂಡು ಹೋಗ್ತಾರಾ? ನಿಂಗೆ ಮಂಡೆ ಸಮ ಉಂಟಾ?”

“ಅಮ್ಮಾ, ಅವನ ಕೈಯಲ್ಲಿ ರಕ್ತ ಬರ್ತಾ ಉಂಟು, ಅವನಿಗೆ ಗೊತ್ತೇ ಇಲ್ಲ!”

“ಕೆಲಸ ಮಾಡುವವನ ಕೈಯಲ್ಲಿ ರಕ್ತ ಬರ್ತದೆ. ನಿನ್ನ ಹಾಗೆ ಫ್ಯಾನಿನಡಿ ಕೂತ್ಕೊಂಡಿದ್ದಾನಾ? ನಾಡಿದ್ದು ಬೋಟು ಹೋಗ್ತದೆ. ಅಪಶಕುನ ಮಾತಾಡ್ಬೇಡ.”

ಸರಿ, ಯಾರೂ ಬಾರದಿದ್ದರೆ ಬೇಡ ಎಂದು ಮರುದಿನ ಸಂಜೆ ಕೆಲಸ ಮುಗಿಸಿ ನಾನೊಬ್ಬಳೇ ಆಸ್ಪತ್ರೆಗೆ ಹೋದೆ. ಡಾಕ್ಟರು ನನ್ನ ಮಾತನ್ನು ಅರ್ಧದಲ್ಲೇ ತಡೆದರು. “ಹೋದ ವರ್ಷ ಸೀಸನ್ ಶುರುವಿಗೆ ಹೇಗಿದ್ರು? ಅದು ಹೇಳಿ” ಎಂದರು.

ಹೇಳತೊಡಗಿದೆ. ಹೋದ ವರ್ಷ ಬಿರುಗಾಳಿಯ ಎಚ್ಚರಿಕೆಗೆ ಕೆಂಪು ಬಾವುಟ ಹಾರಿಸಿದ ದಿನ ಎಲ್ಲ ಬೋಟುಗಳೂ ತಿರುಗಿದರೆ ಇವನೊಬ್ಬ ತಿರುಗಲಿಲ್ಲ, ಬೋಟು ಮುಳುಗುವಷ್ಟು ಮೀನು ತಂದ. ಬೋಟಿನ ಮಾಲಕರು ಹಾರ ಹಾಕಿದರು. ಅದರ ಹಿಂದಿನ ವರ್ಷ ಮಲಗುವುದೇ ಇಲ್ಲ ಎಂದು ಇಬ್ಬರು ಕಲಾಸಿಗಳು ಹೆದರಿ ಬೇರೆ ಬೋಟಿಗೆ ಹೋದರು. ಸೋಮಾರಿಗಳು ಎಂದು ನಾವು ಅವರನ್ನು ಹಾಸ್ಯ ಮಾಡಿದೆವು. ಇನ್ನೊಂದು ವರ್ಷ ವಯರ್‌ಲೆಸ್‌ನಲ್ಲಿ ಇಡೀ ದಿನ ಹಾಡಿದನೆಂದು ಊರೆಲ್ಲ ನಗಾಡಿತ್ತು. ನಾನು ಇಷ್ಟು ವರ್ಷ ಮದುವೆ ಮನೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ ಕಥೆಗಳೇ ಅವು. ಆ ಕೋಣೆಯಲ್ಲಿ ಒಂದಾದ ಮೇಲೊಂದು ಇಟ್ಟಾಗ ಬೇರೆಯೇ ಏನೋ ಆಗಿ ಕಂಡವು.

ಡಾಕ್ಟರು ಪೆನ್ನು ಕೆಳಗಿಟ್ಟರು. ನನಗೆ ತಿಳಿಯುವ ಹಾಗೆ ಹೇಳಿದರು. ಕುಗ್ಗುವುದೊಂದೇ ಇರುವ ಕಾಯಿಲೆ ಉಂಟು. ಕುಗ್ಗುವುದೂ ಉಕ್ಕುವುದೂ ಎರಡೂ ಇರುವ ಕಾಯಿಲೆ ಬೇರೆ, ಅದಕ್ಕೆ ಬೈಪೋಲಾರ್ ಎನ್ನುತ್ತಾರೆ. ಕುಗ್ಗಿದಾಗ ಮಾತ್ರ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಮದ್ದು ಮಾತ್ರ ಒಂದೇ ಅಲ್ಲ. ಒಂದನೆಯದನ್ನು ವಾಸಿ ಮಾಡುವ ಮಾತ್ರೆ ಎರಡನೆಯದರಲ್ಲಿ ಕೆಲವರನ್ನು ಎತ್ತಿ ಆಕಾಶಕ್ಕೆ ಎಸೆಯುತ್ತದೆ.

“ನೀವು ಅವರನ್ನು ಮಳೆಗಾಲದಲ್ಲಿ ಮಾತ್ರ ತಂದ್ರಿ” ಎಂದರು.

ಇಳಿತದಲ್ಲಿ ಮಾತ್ರ ಕಡಲು ನೋಡಿದವನಿಗೆ ಭರತದ ಅಂದಾಜು ಎಲ್ಲಿಂದ ಬರಬೇಕು? ಅವರು ಕೇಳಿದ್ದರು, ನಾವೇ ಇಲ್ಲ ಎಂದಿದ್ದೆವು. ನಮ್ಮ ಊರಿನಲ್ಲಿ ಆ ಕಾಯಿಲೆಯ ಅರ್ಧಕ್ಕೆ ಬೇಜಾರು ಎಂದು ಹೆಸರು, ಇನ್ನರ್ಧಕ್ಕೆ ಒಳ್ಳೆಯ ತಾಂಡೇಲ ಎಂದು ಹೆಸರು.

“ಅವರನ್ನು ನೋಡದೆ ಇದೇ ಕಾಯಿಲೆ ಅಂತ ಹೇಳ್ಲಿಕ್ಕೆ ಆಗುದಿಲ್ಲ. ಆದ್ರೆ ನಂಗೆ ಬಲವಾದ ಸಂಶಯ ಉಂಟು. ಆ ಮಾತ್ರೆ ಇವತ್ತೇ ನಿಲ್ಲಿಸಿ, ನಾಳೆ ಬೆಳಿಗ್ಗೆಯೇ ಅವರನ್ನು ತನ್ನಿ. ಸಮುದ್ರಕ್ಕೆ ಮಾತ್ರ ಬಿಡ್ಬೇಡಿ. ಅಪಾಯ ಅಂತ ಒಂದುಂಟು ಅನ್ನುವುದೇ ಅವರಿಗೆ ಈಗ ಗೊತ್ತಾಗುದಿಲ್ಲ.”

“ನಾಳೆ ಬೋಟು ಹೋಗ್ತದೆ ಡಾಕ್ಟ್ರೇ” ಎಂದೆ.

ಆ ರಾತ್ರಿ ಮನೆಯಲ್ಲಿ ಅವನಿಗೆ ಹೇಳಿನೋಡಿದೆವು. ನಕ್ಕ, ಆಮೇಲೆ ಬೈದ, ಬೈಕ್ ಹತ್ತಿ ಹೋದವನು ತಿರುಗಿ ಬರಲಿಲ್ಲ. ಬೋಟಿನಲ್ಲೇ ಉಳಿದ. ಮಾಲಕರಿಗೆ ಫೋನ್ ಮಾಡಿದರೆ, “ಅವನಷ್ಟು ಜೋರಿನಲ್ಲಿ ಯಾರೂ ಇಲ್ಲ ಅಕ್ಕಾ, ನೀವು ಸುಮ್ನೆ ಮಂಡೆಬಿಸಿ ಮಾಡ್ಬೇಡಿ” ಎಂದರು. ಉಳಿದದ್ದು ಒಂದೇ ದಾರಿ, ಅಮ್ಮನ ಕೈ.

ನಮ್ಮ ಮನೆಯ ಕ್ರಮ ಹೀಗೆ. ಸೀಸನ್ನಿನ ಮೊದಲ ದಿನ ಅಮ್ಮ ಬೊಬ್ಬರ್ಯನ ಗುಡಿಯಿಂದ ಬಾಳೆಲೆಯ ತುಂಡಿನಲ್ಲಿ ಗಂಧ ತರುತ್ತಾಳೆ. ಕಡಲಿಗೆ ಹೋಗುವವರನ್ನು ಕಾಯುವ ದೈವ ಅದು. ತಮ್ಮ ದಕ್ಕೆಯಲ್ಲಿ ಅವಳ ಕೈಯಿಂದ ಗಂಧ ತೆಗೆದುಕೊಂಡು ಹಣೆಗಿಟ್ಟು, ಬೋಟಿನ ಚಕ್ರಕ್ಕೂ ಹಚ್ಚಿ ಆಮೇಲೆಯೇ ಇಂಜಿನ್ ಶುರು ಮಾಡುವುದು. ಒಮ್ಮೆ ಅಮ್ಮನ ಬಸ್ಸು ತಡವಾಯಿತೆಂದು ಉಳಿದ ಬೋಟುಗಳೆಲ್ಲ ಹೊರಟುಹೋದರೂ ಕಾದವನು ಅವನು. ಗಂಧವಿಲ್ಲದೆ ಹೊರಡುವ ತಾಂಡೇಲ ಅವನಲ್ಲ.

“ಅಮ್ಮಾ, ಕೊಡ್ಬೇಡ. ನೀನು ಕೊಡದಿದ್ರೆ ಅವ ಹೋಗುದಿಲ್ಲ” ಎಂದೆ.

“ಗಂಧ ತಡೆದು ಮಗನಿಗೆ ಶಾಪ ಹಾಕ್ಲಿಕ್ಕೆ ಹೇಳ್ತಿಯಲ್ಲಾ” ಎಂದು ಅಮ್ಮ ಗೋಡೆ ನೋಡುತ್ತಾ ಕುಳಿತಳು.

ಮರುದಿನ ದಕ್ಕೆಯಲ್ಲಿ ಜಾತ್ರೆಯಷ್ಟು ಜನ. ಡೀಸೆಲ್ ಹೊಗೆ, ಐಸ್ ಪುಡಿ ಮಾಡುವ ಯಂತ್ರದ ಸದ್ದು, ಹೂವಿನ ಹಾರ ಹಾಕಿದ ಬೋಟುಗಳು. ನದಿ ಕಡಲು ಸೇರುವ ಅಳಿವೆಯ ಕಡೆ ಆಕಾಶ ಕಪ್ಪಾಗಿತ್ತು. ತಮ್ಮನ ಕಣ್ಣು ಕೆಂಪಗೆ, ಗಂಟಲು ಒಡೆದಿತ್ತು. ಬೋಟಿನಿಂದ ಬೋಟಿಗೆ ಹಾರುತ್ತಾ ಎಲ್ಲರಿಗೂ ಅಪ್ಪಣೆ ಕೊಡುತ್ತಿದ್ದ. ಈಗ ಕೆಲವರು ನಗುತ್ತಿರಲಿಲ್ಲ.

“ಅಮ್ಮಾ, ಗಂಧ ತಾ!” ಎಂದು ಕೈ ಚಾಚಿದ.

ಅಮ್ಮ ಬಾಳೆಲೆಯನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಳು. “ಇವತ್ತು ಬೇಡ ಮಗಾ. ಡಾಕ್ಟ್ರ ಹತ್ರ ಒಮ್ಮೆ ಹೋಗಿ ಬರುವ. ನಾಳೆ ಕೊಡ್ತೇನೆ” ಎಂದಳು. ಅವಳು ನನ್ನ ಮಾತು ಕೇಳಿದಳು ಎಂದು ಆಗಲೇ ನನಗೆ ಗೊತ್ತಾದದ್ದು.

ಅವನು ಒಂದು ಕ್ಷಣ ಅವಳ ಮುಷ್ಟಿಯನ್ನು ನೋಡಿದ. ಆಮೇಲೆ ಜೋರಾಗಿ ನಕ್ಕ. “ನನಗೆಂತಕ್ಕೆ ಗಂಧ? ಕಡಲೇ ನನ್ನದು! ಇಟ್ಕೋ ನೀನೇ!” ಎಂದು ಹಾರಿ ಬೋಟು ಹತ್ತಿದ, ಕ್ಯಾಬಿನ್ನಿಗೆ ನುಗ್ಗಿ ಇಂಜಿನ್ ಶುರು ಮಾಡಿದ.

ಬೋಟಿನ ಮೇಲಿದ್ದ ಕಲಾಸಿಗಳ ಮುಖ ಬಿಳಿಚಿತು. ಎಲ್ಲರಿಗಿಂತ ಹಿರಿಯವನು ತನ್ನ ಚೀಲ ತೆಗೆದುಕೊಂಡು ಸದ್ದಿಲ್ಲದೆ ದಡಕ್ಕೆ ಇಳಿದ. ಅವನ ಹಿಂದೆ ಇನ್ನೊಬ್ಬ. ಇಂಜಿನ್ ಬೊಬ್ಬಿಡುತ್ತಿತ್ತು. ತಮ್ಮ ಕೈಯಲ್ಲಿ ಕತ್ತಿ ಹಿಡಿದು ಹಗ್ಗ ಕೊಯ್ಯಲು ಹೊರಗೆ ಬಂದ. ಒಬ್ಬನೇ ಹೋಗುವುದು ಅವನ ಲೆಕ್ಕ.

ಅಮ್ಮ ಕಿರುಚಿದಳು. ಅಂಥ ಸ್ವರ ಅವಳಿಂದ ನಾನು ಕೇಳಿರಲಿಲ್ಲ. ಸೀರೆ ಎತ್ತಿಕಟ್ಟಿ, ನೆಟ್ಟಗೆ ನಡೆಯಲು ಬಾರದ ಆ ಮೊಣಗಂಟುಗಳಲ್ಲಿ ಬೋಟಿನ ಅಂಚಿಗೆ ಕಾಲು ಹಾಕಿದಳು. ನಮ್ಮಲ್ಲಿ ಹೆಂಗಸರು ಹೊರಟ ಬೋಟು ಹತ್ತುವುದಿಲ್ಲ. ಇಳಿದ ಹಿರಿಯ ಕಲಾಸಿಯೇ ಅವಳ ರಟ್ಟೆ ಹಿಡಿದು ಹತ್ತಿಸಿದ, ಹಿಂದಿನಿಂದ ತಾನೂ ಹತ್ತಿದ. ಅವಳು ಹೋಗಿ ಬಲೆಯ ರಾಶಿಯ ಮೇಲೆ ಕುಳಿತಳು.

“ಕೊಯ್ಯಿ ಹಗ್ಗ. ನಿನ್ನ ಅಪ್ಪನೂ ಅವತ್ತು ಗಂಧ ಬೇಡ ಅಂತ್ಲೇ ಹೋದದ್ದು. ಹೀಗೇ ನಕ್ಕು. ಒಬ್ಬನನ್ನು ಬಿಟ್ಟೆ, ನಿನ್ನನ್ನು ಬಿಡುದಿಲ್ಲ. ನಾನೂ ಬರ್ತೇನೆ” ಎಂದಳು.

ಅವನು ಬೈದ. ಕಾಲು ಅಪ್ಪಳಿಸಿದ. ಅವಳನ್ನು ಎತ್ತಿ ದಡಕ್ಕೆ ಹಾಕುತ್ತೇನೆಂದು ಬಂದವನು ಅವಳ ಎದುರಿಗೆ ನಿಂತು ಕುಸಿದು ಕುಳಿತ, ಅಳತೊಡಗಿದ, ಅಳುತ್ತಾ ಅಳುತ್ತಾ ಮತ್ತೆ ನಕ್ಕ. ಅಷ್ಟರಲ್ಲಿ ಹಿರಿಯ ಕಲಾಸಿ ಮೆಲ್ಲಗೆ ಒಳಗೆ ಹೋಗಿ ಇಂಜಿನ್ ನಿಲ್ಲಿಸಿದ. ಮಾಲಕರ ಜೀಪಿನಲ್ಲೇ ಆಸ್ಪತ್ರೆಗೆ ಹೋದೆವು. ದಾರಿಯುದ್ದಕ್ಕೂ ಅವನು ಮಾತಾಡುತ್ತಲೇ ಇದ್ದ. ಅಮ್ಮ ಅವನ ಕತ್ತಿ ಹಿಡಿದಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು.

ಆ ಮಧ್ಯಾಹ್ನ ಅಳಿವೆಯಲ್ಲಿ ಗಾಳಿ ಎದ್ದು, ಹೊರಟ ಬೋಟುಗಳಲ್ಲಿ ಬುದ್ಧಿ ಇದ್ದವೆಲ್ಲ ತಿರುಗಿ ಬಂದವು.

ಅವನನ್ನು ಅಡ್ಮಿಟ್ ಮಾಡಿದರು. ಚುಚ್ಚುಮದ್ದು ಕೊಟ್ಟ ಮೇಲೆ, ಬಾಕಿ ಉಳಿದ ನಿದ್ದೆಯನ್ನೆಲ್ಲ ಒಟ್ಟಿಗೆ ಮಾಡುವವನ ಹಾಗೆ ಮಲಗಿದ. ಎಚ್ಚರವಾಗಿ ಸ್ವಲ್ಪ ತಿಳಿಯಾದಾಗ ಅವನು ಮೊದಲು ಕೇಳಿದ್ದು ನನ್ನನ್ನು. ಸ್ವರ ಇಷ್ಟೇ ಇಷ್ಟು.

“ಅಕ್ಕಾ, ಕೆಂಪು ಬಾವುಟದ ದಿನ ಅಷ್ಟು ಮೀನು ತಂದೆನಲ್ಲಾ. ಅದು ನಾನು ಹಿಡಿದದ್ದಾ, ಈ ಕಾಯಿಲೆ ಹಿಡಿದದ್ದಾ?”

ಅವನ ಬೆರಳಿನ ಸಂದಿಗೆ ಮುಲಾಮು ಹಚ್ಚುತ್ತಾ ಕುಳಿತೆ. ಈಗ ನೋವು ಅವನಿಗೆ ಗೊತ್ತಾಗುತ್ತಿತ್ತು, ಕೈ ಎಳೆದುಕೊಳ್ಳುತ್ತಿದ್ದ. ನನಗೆ ಅದೇ ಸಮಾಧಾನ.

ಬಿಡುಗಡೆಯ ಮೊದಲು ಡಾಕ್ಟರು ಅಮ್ಮನನ್ನೂ ನನ್ನನ್ನೂ ಒಳಗೆ ಕರೆದರು. ಹೊಸ ಮದ್ದು, ಆಗಾಗ ರಕ್ತದಲ್ಲಿ ಅದರ ಮಟ್ಟ ನೋಡಬೇಕು, ಮೀನು ಬಂದರೂ ಬಾರದಿದ್ದರೂ ಇಲ್ಲಿಗೆ ಬರಬೇಕು, ಸೀಸನ್‌ನಲ್ಲೂ ಎಂದರು. ಆಮೇಲೆ ಮೊದಲ ಸಲ ಕೇಳಿದ್ದನ್ನೇ ಮತ್ತೆ ಕೇಳಿದರು.

“ಅಮ್ಮಾ, ಕುಟುಂಬದಲ್ಲಿ ಬೇರೆ ಯಾರಿಗಾದ್ರೂ?”

ಅಮ್ಮನಿಗೆ ಕನ್ನಡ ಬಾಯಿಗೆ ಅಷ್ಟು ಸಲೀಸಲ್ಲ, ಮನೆಯಲ್ಲಿ ನಮ್ಮದು ತುಳು. ಪದ ಹುಡುಕಿ ಹುಡುಕಿ ಹೇಳಿದಳು. “ಉಂಟು. ಇವರ ಅಪ್ಪನಿಗೆ. ಮೊದಲು ಮಂಡೆ ತಗ್ಗಿಸಿ ಕೂತ್ಕೊಳ್ತಿದ್ರು, ತಿಂಗಳುಗಟ್ಟಲೆ. ಆಮೇಲೆ ನಿದ್ದೆ ಇಲ್ಲ, ಹಾಡು ಹೇಳುದು, ನಗುದು. ಹೋದ ದಿನ ಆ ಮಳೆಯಲ್ಲಿ ಕಡಲಲ್ಲಿ ಹಾದಿ ಕಾಣ್ತದೆ ಅಂದ್ರು. ಊರಿನವರು ಧೈರ್ಯ ಅಂತ ಹೇಳಿದ್ರು. ಹುಚ್ಚ ಅಂತ ಹೇಳುದಕ್ಕಿಂತ ಅದು ಒಳ್ಳೆದಲ್ವಾ ಡಾಕ್ಟ್ರೇ? ಮಕ್ಕಳು ಸಣ್ಣ ಇದ್ರು. ನಾನೂ ಧೈರ್ಯ ಅಂತ್ಲೇ ಇರ್ಲಿ ಅಂತ ಬಿಟ್ಟೆ.”

ನನ್ನ ಅಪ್ಪ ಆ ಕೋಣೆಯಲ್ಲಿ ಎರಡನೇ ಸಲ ಸತ್ತ. ನನಗೆ ಅಮ್ಮನ ಮೇಲೆ ಸಿಟ್ಟು ಬಂತು, ಕನಿಕರ ಬಂತು, ಎದ್ದು ಹೊರಗೆ ಓಡಬೇಕೆನಿಸಿತು. ಡಾಕ್ಟರು ಏನೋ ಬರೆದುಕೊಂಡರು. ಬರೆದು ಮುಗಿಸಿ ತಲೆಯೆತ್ತಿದರು. ಅಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದರು.

“ನಿಮ್ಗೆ ನಿದ್ದೆ ಹೇಗುಂಟು?”

“ನಂಗೆಂತ ಡಾಕ್ಟ್ರೇ, ಭಾರೀ ಒಳ್ಳೆದುಂಟು” ಎಂದೆ. ಕ್ಷಣ ತಡೆಯದೆ, ನಗುತ್ತಾ.

ಆ ಉತ್ತರವನ್ನು ಅದೇ ಕೋಣೆಯಲ್ಲಿ ಅಮ್ಮನ ಬಾಯಲ್ಲಿ ಕೇಳಿದ್ದೆ ಎಂದು ಹೇಳಿದ ಮೇಲೆ ನನಗೆ ಹೊಳೆಯಿತು. ಅಮ್ಮ ತನ್ನ ಒರಟು ಕೈಯನ್ನು ನನ್ನ ಮಂಡಿಯ ಮೇಲಿಟ್ಟು ಒತ್ತಿದಳು.

“ಸರಿ ನೆನಪು ಮಾಡಿ ಹೇಳು ಮಗಾ” ಎಂದಳು.

ಡಾಕ್ಟರು ಕಾಯುತ್ತಿದ್ದರು. ನಾನು ನೆನಪು ಮಾಡಲು ಶುರು ಮಾಡಿದೆ.